ಯಾವ ಕೋರ್ಸ್ ಮಾಡಲಿ ಎಂದು ಕೇಳುವವರಿಗೆ

ಶಿಶುವಿಹಾರದಲ್ಲಿ ಹದಿನೆಂಟು ವರ್ಷ ಕಳೆದಿರುವ ನನ್ನನ್ನು, ಆಗಷ್ಟೇ ಪಿಯುಸಿ ಮುಗಿಸಿದ ಹುಡುಗಿಯರೂ, ತಮ್ಮ ಮಕ್ಕಳನ್ನು ಶಾಲೆಗೆ ಸೇರಿಸಿ ತುಸು ಬಿಡುವು ಕಂಡುಕೊಂಡ ತಾಯಂದಿರೂ ಕೇಳುವ ಪ್ರಶ್ನೆ ಒಂದೇ: ‘ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುವ ಆಸೆಯಿದೆ, ಯಾವ ಕೋರ್ಸ್ ಮಾಡಬೇಕು?’ ಎಲ್ಲಿ ಕೆಲಸ ಮಾಡುವ ಯೋಚನೆ ಎಂದು ನಾನು ತಿರುಗಿ ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿರುವುದಿಲ್ಲ. ಅಂಗನವಾಡಿ, ಖಾಸಗಿ ಎಲ್‌ಕೆಜಿ, ಮಾಂಟೆಸ್ಸರಿ ಮನೆ, ಕಂಪನಿಗಳ ಕ್ರೆಶ್ (ದುಡಿಯುವವರ ಕೂಸುಗಳನ್ನು ನೋಡಿಕೊಳ್ಳುವ ಜಾಗ) ಎಲ್ಲವೂ ಹೊರಗಿನಿಂದ ಒಂದೇ ತೆರನಾಗಿ ಕಂಡರೂ, ಒಂದು ಕಡೆ ಬೆಲೆಯಿರುವ ಪ್ರಮಾಣಪತ್ರವನ್ನು ಇನ್ನೊಂದು ಕಡೆ ಯಾರೂ ಬಿಚ್ಚಿ ನೋಡುವುದಿಲ್ಲ. ಆದ್ದರಿಂದ ಜಾಗ ಮೊದಲು, ಕೋರ್ಸ್ ಆಮೇಲೆ.

ಅಂಗನವಾಡಿಗೆ ಸೇರಲು ಮುಂಚಿತವಾಗಿ ಯಾವ ಕೋರ್ಸೂ ಕಡ್ಡಾಯವಲ್ಲ ಎಂದರೆ ಹಲವರು ನಂಬುವುದಿಲ್ಲ. ಕರ್ನಾಟಕದಲ್ಲಿ ಈಗ ಕಾರ್ಯಕರ್ತೆಯಾಗಲು ಪಿಯುಸಿ, ಸಹಾಯಕಿಯಾಗಲು ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು. ವಯಸ್ಸು ಸಾಮಾನ್ಯವಾಗಿ 19ರಿಂದ 35ರೊಳಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅಭ್ಯರ್ಥಿ ಅದೇ ಊರಿನ ನಿವಾಸಿಯಾಗಿರಬೇಕು. ಅಂದರೆ ಪಕ್ಕದ ಊರಿನಲ್ಲಿ ಹುದ್ದೆ ಖಾಲಿಯಾದರೆ ನಿಮಗೆ ಪ್ರಯೋಜನವಿಲ್ಲ. ನಿಮ್ಮ ಊರಿನಲ್ಲಿ ಖಾಲಿಯಾಗುವವರೆಗೆ ಕಾಯಬೇಕು, ಆ ಕಾಯುವಿಕೆ ವರ್ಷಗಟ್ಟಲೆಯದೂ ಆಗಬಹುದು. ತರಬೇತಿ ಬರುವುದು ನೇಮಕವಾದ ಮೇಲೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಿಯುಸಿ ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸನ್ನೂ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾವನ್ನೂ ಸೂಚಿಸಿದೆ.

ಈ ಕೆಲಸದ ಸ್ವರೂಪವನ್ನು ಮಾತ್ರ ತಿಳಿದೇ ಅರ್ಜಿ ಹಾಕಬೇಕು. 1975ರಲ್ಲಿ ನಮ್ಮ ರಾಜ್ಯದ ಟಿ. ನರಸೀಪುರದಲ್ಲಿ ಅಂಗನವಾಡಿ ಯೋಜನೆ ಆರಂಭವಾದಂದಿನಿಂದಲೂ ಪಾಠ ಎಂಬುದು ಅದರ ಆರು ಸೇವೆಗಳಲ್ಲಿ ಒಂದು ಮಾತ್ರ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳಿವಳಿಕೆ, ತೊಂದರೆಯಿರುವ ಮಗುವನ್ನು ಆಸ್ಪತ್ರೆಗೆ ಕಳುಹಿಸುವುದು ಉಳಿದವು. ಬೆಳಿಗ್ಗೆ ‘ಚಿಲಿಪಿಲಿ’ ಚಟುವಟಿಕೆಗೆ ಮಕ್ಕಳನ್ನು ಸುತ್ತ ಕೂರಿಸಿಕೊಂಡ ಕಾರ್ಯಕರ್ತೆ, ಅದರ ನಡುವೆಯೇ ಬಾಣಂತಿಯ ಹೆಸರು ಬರೆದುಕೊಳ್ಳಬೇಕು, ಮಗುವನ್ನು ತೂಗಬೇಕು, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ತುಂಬಬೇಕು. ಇಷ್ಟೆಲ್ಲಕ್ಕೆ ಸಿಗುವುದು ಗೌರವಧನ, ಸಂಬಳವಲ್ಲ. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದು ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ. ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಅದೇ ನ್ಯಾಯಾಲಯ ಹೇಳಲು 2022 ಬರಬೇಕಾಯಿತು. ‘ಸರ್ಕಾರಿ ಕೆಲಸ’ ಎಂದುಕೊಂಡು ಬರುವವರಿಗೆ ನಾನು ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಬಡ ಮಕ್ಕಳ ಮೊದಲ ಆರು ವರ್ಷಗಳನ್ನು ಇಷ್ಟು ಹತ್ತಿರದಿಂದ ಮುಟ್ಟುವ ಕೆಲಸ ಬೇರೊಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಖಾಸಗಿ ಶಿಶುವಿಹಾರಗಳ ಮಾತು ಬೇರೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಲ್ಲಿ ಶಾಲಾಪೂರ್ವ ಶಿಕ್ಷಣಕ್ಕೆಂದೇ ಎರಡು ವರ್ಷದ ಡಿಪ್ಲೊಮಾ ಇದೆ. ಮನೆಯಿಂದಲೇ ಓದುವವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಡಿಪ್ಲೊಮಾ ಇದೆ. ಪಿಯುಸಿ ಆಗಿದ್ದರೆ ಸಾಕು, ಮಕ್ಕಳೊಡನೆ ಮಾಡಬೇಕಾದ ಪ್ರಾಜೆಕ್ಟ್ ಕೆಲಸವೂ ಅದರಲ್ಲಿ ಸೇರಿರುವುದರಿಂದ ನಾನು ಇದನ್ನು ಧೈರ್ಯವಾಗಿ ಸೂಚಿಸುತ್ತೇನೆ. ಇವೆರಡರ ಆಚೆಗೆ, ಎನ್‌ಟಿಟಿ (ನರ್ಸರಿ ಟೀಚರ್ ಟ್ರೈನಿಂಗ್) ಎಂಬ ಮೂರಕ್ಷರದ ಬೋರ್ಡು ಹಾಕಿಕೊಂಡು, ಟ್ಯೂಷನ್ ಸೆಂಟರಿನ ಮಹಡಿಯ ಮೇಲೆ ನಡೆಯುವ ತರಗತಿಗಳು ಲೆಕ್ಕವಿಲ್ಲದಷ್ಟಿವೆ.

ಅಂಥದೊಂದರಲ್ಲಿ ನಾನೂ ಓದಿದ್ದೆ, ಹೆಸರು ಬೇಡ. ಆರು ತಿಂಗಳು ಚಾರ್ಟ್ ಬರೆದೆ, ಥರ್ಮಾಕೋಲಿನಲ್ಲಿ ಹಣ್ಣುಗಳನ್ನು ಕತ್ತರಿಸಿದೆ, ಮಗುವಿನ ಬೆಳವಣಿಗೆಯ ಹಂತಗಳನ್ನು ಬಾಯಿಪಾಠ ಮಾಡಿ ಮೊದಲ ದರ್ಜೆಯಲ್ಲಿ ಪಾಸಾದೆ. ಆ ಆರು ತಿಂಗಳಲ್ಲಿ ಒಂದೇ ಒಂದು ಮಗುವೂ ನಮ್ಮ ತರಗತಿಯೊಳಗೆ ಬರಲಿಲ್ಲ, ನಾವೂ ಮಕ್ಕಳಿದ್ದಲ್ಲಿಗೆ ಹೋಗಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ, ಬಾಗಿಲಿಗೆ ಆತುಕೊಂಡು ಕೂಗುತ್ತಿದ್ದ ಮಗುವಿನ ಮುಂದೆ ನಾನು ಎತ್ತರವಾಗಿ ನಿಂತು ಸಮಾಧಾನ ಹೇಳುತ್ತಿದ್ದರೆ, ಅಲ್ಲಿಯ ಆಯಾ ಏನೂ ಮಾತನಾಡದೆ ಬಂದು ನೆಲದ ಮೇಲೆ ಕುಳಿತು ಬಟಾಣಿ ಬಿಡಿಸತೊಡಗಿದರು. ಹತ್ತು ನಿಮಿಷದಲ್ಲಿ ಆ ಮಗುವೂ ಬಟಾಣಿ ಬಿಡಿಸುತ್ತಿತ್ತು. ಓದು ಬರಹ ಹೆಚ್ಚಿಲ್ಲದ ಅವರಿಂದ ನಾನು ಕಲಿತದ್ದಕ್ಕೆ ಪ್ರಮಾಣಪತ್ರವಿಲ್ಲ.

ಮಾಂಟೆಸ್ಸರಿ ತರಬೇತಿಯ ಬಗ್ಗೆ ನನ್ನ ಗೌರವಕ್ಕೂ ಇದೇ ಕಾರಣ. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣ ಯುರೋಪಿಗೆ ಮರಳಲಾಗದೆ, ಇಲ್ಲಿಯೇ ಉಳಿದು ನೂರಾರು ಶಿಕ್ಷಕರನ್ನು ತಯಾರು ಮಾಡಿದರು. ಅವರ ಪದ್ಧತಿಯ ತರಬೇತಿ ಬೆಂಗಳೂರಿನಲ್ಲಿ ಇಂದಿಗೂ ಗಟ್ಟಿಯಾಗಿದೆ. ಪ್ರತಿಯೊಂದು ಸಲಕರಣೆಯನ್ನೂ ಕೈಯಾರೆ ಮಾಡಿ ನೋಡಿ, ಅದನ್ನು ಮಗುವಿಗೆ ತೋರಿಸುವ ಕ್ರಮವನ್ನು ಆಲ್ಬಮ್ಮಿನಲ್ಲಿ ಸ್ವಂತ ಮಾತಿನಲ್ಲಿ ಬರೆಯಬೇಕು. ಗಂಟೆಗಟ್ಟಲೆ ಮೂಲೆಯಲ್ಲಿ ಕುಳಿತು ಮಕ್ಕಳನ್ನು ಸುಮ್ಮನೆ ಗಮನಿಸಬೇಕು. ಆದರೆ ‘ಮಾಂಟೆಸ್ಸರಿ’ ಎಂಬ ಹೆಸರಿನ ಮೇಲೆ ಯಾರಿಗೂ ಹಕ್ಕುಸ್ವಾಮ್ಯವಿಲ್ಲ, ಬೋರ್ಡು ಬರೆಸಲು ಯಾರನ್ನೂ ಕೇಳಬೇಕಾಗಿಲ್ಲ. ಹಾಗಾಗಿ ಶುಲ್ಕ ಕಟ್ಟುವ ಮೊದಲು ಎರಡು ಮಾತು ಕೇಳಿ: ಮಕ್ಕಳಿರುವ ಕೊಠಡಿಯಲ್ಲಿ ಎಷ್ಟು ವಾರ ಅಭ್ಯಾಸ ಮಾಡಿಸುತ್ತೀರಿ, ಅದನ್ನು ಕುಳಿತು ನೋಡುವವರು ಯಾರು? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವವರ ಅಗತ್ಯ ಬೆಳೆಯುತ್ತಿದೆ, ಅವರಿಗೆ ತರಬೇತಿ ಮಾತ್ರ ಬೆಳೆದಿಲ್ಲ. ಐವತ್ತು ಮಂದಿ ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳಲ್ಲಿ ಕ್ರೆಶ್ ಇರಬೇಕೆಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಎಂಬ ಕ್ರೆಶ್‌ಗಳನ್ನು ಘೋಷಿಸಿ, ಉದ್ಯೋಗ ಖಾತ್ರಿಯ ಮಹಿಳೆಯರನ್ನೇ ಆರೈಕೆಗೆ ನೇಮಿಸಿತು. ಇಂಗ್ಲೆಂಡಿಗೆ ಹೋದ ನನ್ನ ಸಹೋದ್ಯೋಗಿಯೊಬ್ಬರು, ಅಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಲೇಬೇಕೆಂಬ ನಿಯಮವಿದೆ ಎಂದಾಗ ನಾನು ಹತ್ತೋ ಹನ್ನೆರಡೋ ಕೂಸುಗಳ ನಡುವೆ ಒಬ್ಬಳೇ ಕುಳಿತಿದ್ದ ದಿನಗಳನ್ನು ನೆನೆದೆ. ಸಂದರ್ಶನಕ್ಕೆ ಹೋದಾಗ ಸಂಬಳದ ಜೊತೆಗೆ ಈ ಲೆಕ್ಕವನ್ನೂ ಕೇಳಿ.

‘ನನಗೆ ಮಕ್ಕಳೆಂದರೆ ಪ್ರಾಣ’ ಎಂದು ಶುರುಮಾಡುವವರಿಗೆ ಕೊನೆಯದೊಂದು ಮಾತು. ಕೋರ್ಸಿಗೆ ಹಣ ಹೊಂದಿಸುವ ಮೊದಲು ನಿಮ್ಮ ಬೀದಿಯ ಅಂಗನವಾಡಿಯಲ್ಲೋ ಪರಿಚಯದ ಶಿಶುವಿಹಾರದಲ್ಲೋ ಅನುಮತಿ ಕೇಳಿ ಒಂದು ವಾರ ಕುಳಿತುಕೊಳ್ಳಿ. ಆದಷ್ಟೂ ಜೂನ್ ಮೊದಲ ವಾರವೇ ಹೋಗಿ; ಹೊಸ ಮಕ್ಕಳು ಬರುವುದು ಆಗ, ಒಂದು ಅಳು ನಿಲ್ಲುವಷ್ಟರಲ್ಲಿ ಇನ್ನೊಂದು ಶುರುವಾಗುವುದೂ ಆಗ. ಫೆಬ್ರುವರಿಯಲ್ಲಿ ಹೋದರೆ ಎಲ್ಲರೂ ಹಾಡು ಹೇಳುತ್ತಿರುತ್ತಾರೆ, ನಿಮಗೆ ಏನೂ ತಿಳಿಯುವುದಿಲ್ಲ.