ಕೊಡಗಲ್ಲಿ ಸಿಟಿ ಎಲ್ಲುಂಟು ಎಂದು ಕೇಳುವವರಿಗೆ

"ನಗರ ತಂತ್ರಜ್ಞಾನವಾ? ಅದನ್ನು ಕೊಡಗಲ್ಲಿ ಕೂತು ಕಲಿಸೋದಾ? ಇಲ್ಲಿ ಸಿಟಿ ಎಲ್ಲುಂಟು ಮಾರಾಯ್ರೇ?"

ಮದುವೆ ಮಂಟಪ, ಬ್ಯಾಂಕು, ಬಸ್‌ಸ್ಟ್ಯಾಂಡು, ಎಲ್ಲಿ ಸಿಕ್ಕಿದರೂ ಇದೇ ಪ್ರಶ್ನೆ. ಊರಿನ ನೀರು, ಚರಂಡಿ, ಮಳೆಯ ಲೆಕ್ಕ, ಅದನ್ನು ಅಳೆಯುವ ಸೆನ್ಸರ್ ಪೆಟ್ಟಿಗೆ, ಇದನ್ನೇ ನಗರ ತಂತ್ರಜ್ಞಾನ ಎಂದು ನಾನು ಕೊಡಗಲ್ಲಿ ಕಲಿಸುವುದು. ಕೇಳಿದವರು ಉತ್ತರಕ್ಕೆ ನಿಲ್ಲುವುದೂ ಇಲ್ಲ. "ಬೆಂಗಳೂರಲ್ಲಾದ್ರೆ ಸ್ಕೋಪ್ ಇತ್ತು" ಎಂದು ತೀರ್ಪು ಕೊಟ್ಟು ಊಟದ ಹಾಲಿನ ಕಡೆ ನಡೆಯುತ್ತಾರೆ. ಪೇಪರ್ ಓದುವವರದು ಇನ್ನೊಂದು ವರಸೆ: "ಓ, ಸ್ಮಾರ್ಟ್ ಸಿಟಿನಾ?" ಹುಡುಗರಾದರೆ, "ಆ್ಯಪ್ ಮಾಡ್ತೀರಾ ಸಾರ್?" ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುವುದು.

ಸ್ಮಾರ್ಟ್ ಸಿಟಿಯದ್ದು ಬೇಗ ಮುಗಿಯುತ್ತದೆ. 2015ರಲ್ಲಿ ಶುರುವಾದ ಕೇಂದ್ರದ ಆ ಯೋಜನೆಗೆ ಆಯ್ಕೆಯಾದದ್ದು 100 ನಗರ, ಅದರಲ್ಲಿ ಕರ್ನಾಟಕದ್ದು ಏಳು. ಕೊಡಗಿನದು ಒಂದೂ ಇಲ್ಲ. ಆ್ಯಪ್ ಮಾಡುವುದಿಲ್ಲ. ಮುಂದೆ ಹೋಗೋಣ.

ಸಿಟಿ ಎಲ್ಲುಂಟು ಎಂಬುದಕ್ಕೆ ಜನಗಣತಿಯವರ ಹತ್ತಿರ ಅಳತೆಗೋಲು ಇದೆ. ನಗರಸಭೆಯೋ ಪಟ್ಟಣ ಪಂಚಾಯಿತಿಯೋ ಇದ್ದರೆ ಅದು ಪಟ್ಟಣ. ಇಲ್ಲದಿದ್ದರೆ ಕನಿಷ್ಠ 5,000 ಜನ ಇರಬೇಕು, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು, ಚದರ ಕಿ.ಮೀ.ಗೆ 400 ಜನ ವಾಸವಿರಬೇಕು. 2011ರ ಗಣತಿಯ ಪ್ರಕಾರ ಕೊಡಗಿನ ಪಟ್ಟಣವಾಸಿಗಳು ಶೇ. 15ಕ್ಕಿಂತ ಕಡಿಮೆ, ರಾಜ್ಯದ ಲೆಕ್ಕ ಶೇ. 38ರ ಮೇಲೆ. ಅಂದರೆ ನೀವು ಕೇಳಿದ್ದು ತೀರಾ ತಪ್ಪೇನಲ್ಲ. ಆದರೆ ಆ ಗಣತಿಯಲ್ಲಿ ಮಡಿಕೇರಿಗೆ ಸಿಕ್ಕ 33 ಸಾವಿರ ಚಿಲ್ಲರೆ ಜನರಲ್ಲಿ ಶನಿವಾರ ಬಂದು ಭಾನುವಾರ ಇಳಿದು ಹೋಗುವವರು ಸೇರಿಲ್ಲ. ನೀರಿನ ನಲ್ಲಿಗೆ, ಶೌಚದ ಗುಂಡಿಗೆ, ಕಸದ ಗಾಡಿಗೆ ಅವರೂ ಊರವರೇ.

ಪಟ್ಟಣದ ನೀರಿಗೆ ಕೇಂದ್ರದ ಕೈಪಿಡಿ ಹೇಳುವ ಪ್ರಮಾಣ ತಲೆಗೆ ದಿನಕ್ಕೆ 135 ಲೀಟರ್. ಗಣತಿಯ ಮಡಿಕೇರಿಗೆ ಅದು 45 ಲಕ್ಷ ಲೀಟರ್ ಆಗುತ್ತದೆ. ವಾರಾಂತ್ಯಕ್ಕೆ ಹತ್ತು ಸಾವಿರ ಜನ ಹೆಚ್ಚಾದರು ಎಂದಿಟ್ಟುಕೊಳ್ಳಿ, ಇನ್ನೂ ಹದಿಮೂರೂವರೆ ಲಕ್ಷ. ಬಯಲುಸೀಮೆಯಲ್ಲಿ ಇದು ಬರೀ ಲೀಟರಿನ ಲೆಕ್ಕ. ಇಲ್ಲಿ ಕೂಟುಹೊಳೆಯ ನೀರನ್ನು ಗುಡ್ಡದ ಮೇಲಿನ ಊರಿಗೆ ಎತ್ತಬೇಕು. 45 ಲಕ್ಷ ಲೀಟರನ್ನು ದಿನಕ್ಕೆ 20 ಗಂಟೆಯಲ್ಲಿ ಪಂಪ್ ಮಾಡುವುದಾದರೆ, ಪೈಪಿನ ಘರ್ಷಣೆ ಬಿಟ್ಟು, ಪ್ರತಿ 100 ಮೀಟರ್ ಏರಿಗೆ ಸುಮಾರು 95 ಕಿಲೋವ್ಯಾಟ್ ಬೇಕು. ಪಂಪಿನ ದಕ್ಷತೆ ಶೇ. 65 ಎಂದು ಹಿಡಿದಿದ್ದೇನೆ. ನಮ್ಮ ಕೋರ್ಸಿನ ಮೊದಲ ಪಾಠದ ಲೆಕ್ಕವೇ ಇದು. ಇದನ್ನು ಮಾಡಿದ ಹುಡುಗರು ಆಮೇಲೆ ಸಿಟಿ ಎಲ್ಲಿದೆ ಎಂದು ಕೇಳುವುದಿಲ್ಲ.

ಎರಡನೆಯ ಪಾಠ ಚರಂಡಿ. ಮಳೆನೀರಿನ ಚರಂಡಿಗೆ ಎಲ್ಲರೂ ಹಾಕುವ ಸೂತ್ರ ಒಂದೇ: ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗುವ ಪಾಲು), ಮಳೆಯ ಬಿರುಸು, ಜಾಗದ ವಿಸ್ತಾರ, ಮೂರನ್ನೂ ಗುಣಿಸಿ 360ರಿಂದ ಭಾಗಿಸುವುದು. ಬಿರುಸು ಗಂಟೆಗೆ ಮಿ.ಮೀ.ನಲ್ಲಿ, ವಿಸ್ತಾರ ಹೆಕ್ಟೇರಿನಲ್ಲಿ ಇದ್ದರೆ ಉತ್ತರ ಸೆಕೆಂಡಿಗೆ ಘನ ಮೀಟರ್. 12 ಹೆಕ್ಟೇರ್ ತೋಟ, ಗುಣಾಂಕ 0.3, ಮಳೆ 60 ಮಿ.ಮೀ. ಎಂದರೆ 0.6 ಘನ ಮೀಟರ್ ನೀರು. ಅದೇ ತೋಟ ಲೇಔಟ್ ಆಗಿ ಕಾಂಕ್ರೀಟು, ಇಂಟರ್‌ಲಾಕ್, ಶೀಟಿನ ಮಾಡು ಬಂದ ಮೇಲೆ ಗುಣಾಂಕ 0.7, ನೀರು 1.4. ಕೆಳಗಿನ ಮೋರಿ ಮಾತ್ರ ತೋಟದ ಕಾಲದ್ದೇ.

ಇಷ್ಟು ಯಾವ ಪುಸ್ತಕದಲ್ಲೂ ಇದೆ. ಪುಸ್ತಕ ಹೇಳದೆ ಬಿಡುವುದು ಇಳಿಜಾರಿನದ್ದು. ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ಸಾಧಾರಣ ಕಾಂಕ್ರೀಟ್ ಚರಂಡಿಯಲ್ಲಿ ನೀರಿನ ವೇಗ ಸೆಕೆಂಡಿಗೆ 7 ಮೀಟರ್ ದಾಟಬಹುದು. ಆ ವೇಗದಲ್ಲಿ ನೀರು ತಿರುವಿನಲ್ಲಿ ಚರಂಡಿ ಬಿಟ್ಟು ರಸ್ತೆಗೆ ಹಾರುತ್ತದೆ, ತಳದ ಕಾಂಕ್ರೀಟು ಕಿತ್ತುಕೊಂಡು ಬರುತ್ತದೆ. ಕೊನೆಗೆ ಸಮತಟ್ಟು ಸಿಕ್ಕಲ್ಲಿ ವೇಗ ಸತ್ತು, ಹೊತ್ತು ತಂದ ಮರಳು, ಚೂರುಕಲ್ಲು ಎಲ್ಲವನ್ನೂ ಮೋರಿಯ ಬಾಯಲ್ಲೇ ಸುರಿಯುತ್ತದೆ. ಅದಕ್ಕೆ ಮೆಟ್ಟಿಲು ಕಟ್ಟಬೇಕು, ಪ್ರತಿ ಮೆಟ್ಟಿಲ ಕೆಳಗೆ ನೀರು ಬಿದ್ದು ಸುಸ್ತಾಗಲು ಒಂದು ತೊಟ್ಟಿ ಬಿಡಬೇಕು, ಮೋರಿಗೆ ಮೊದಲು ಹೂಳು ತೆಗೆಯುವಂಥ ಗುಂಡಿ ಇರಬೇಕು. ಇಷ್ಟೆಲ್ಲ ಸರಿಯಾಗಿದ್ದರೂ ಯಾರೋ ಚರಂಡಿಗೆ ಅಡ್ಡಲಾಗಿ ಒಂದು ಇಂಚಿನ ಪಿವಿಸಿ ಪೈಪು ಎಳೆದಿರುತ್ತಾರೆ. ಮೊದಲು ಅದಕ್ಕೆ ಸಿಲ್ವರ್ ಓಕಿನ ಎಲೆ ಸಿಕ್ಕಿಕೊಳ್ಳುತ್ತದೆ, ಎಲೆಗೆ ಚಿಪ್ಸ್ ಪ್ಯಾಕೆಟ್, ಪ್ಯಾಕೆಟ್ಟಿಗೆ ನೀರಿನ ಬಾಟಲಿ. ಅರ್ಧ ಗಂಟೆಯ ಮಳೆಗೆ ಅಲ್ಲೊಂದು ಅಣೆಕಟ್ಟು. ಇದು ಯಾವ ಉಪಗ್ರಹ ಚಿತ್ರದಲ್ಲೂ ಕಾಣುವುದಿಲ್ಲ.

ಉಪಗ್ರಹ ಎಂದೆನಲ್ಲ, ಅದೂ ಒಂದು ಕಾಟ. ಪುಕ್ಕಟೆ ಸಿಗುವ ಎತ್ತರದ ನಕ್ಷೆಗಳಲ್ಲಿ ಒಂದೊಂದು ಚೌಕ 30 ಮೀಟರ್. ನಮ್ಮಲ್ಲಿ 30 ಮೀಟರಿನೊಳಗೆ ಮೇಲಿನ ಮನೆ, ಬರೆ (ಗುಡ್ಡದ ಕಡಿದಾದ ಮಣ್ಣಿನ ಗೋಡೆ), ರಸ್ತೆ, ಚರಂಡಿ, ಕೆಳಗಿನ ಮನೆ ಎಲ್ಲವೂ ಮುಗಿದಿರುತ್ತವೆ. ಮೇಲಾಗಿ 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಪ್ರಸಿದ್ಧ ನಕ್ಷೆಯಲ್ಲಿ ರಾಡಾರ್ ಕಂಡದ್ದು ಹೆಚ್ಚಾಗಿ ಮರದ ನೆತ್ತಿಯನ್ನು, ನೆಲವನ್ನಲ್ಲ. ನೆರಳಿನ ಮರ ತುಂಬಿದ ಕಾಫಿ ತೋಟವನ್ನು ಕಂಪ್ಯೂಟರ್ ಗುಡ್ಡ ಎಂದುಕೊಂಡು ನೀರನ್ನು ಬೇರೆ ದಿಕ್ಕಿಗೆ ಹರಿಸಿಬಿಡುತ್ತದೆ. ಜಿಐಎಸ್ (ಕಂಪ್ಯೂಟರ್ ನಕ್ಷೆಯ) ಲ್ಯಾಬಿನಲ್ಲಿ ಬಣ್ಣಬಣ್ಣದ ನಕ್ಷೆ ತಯಾರಿಸಿದವರನ್ನು ನಾವು ಕೊಡೆ, ಗಂಬೂಟು ಕೊಟ್ಟು ಮಳೆಗೇ ಹೊರಗೆ ಕಳಿಸುವುದು ಇದಕ್ಕೆ.

ಮಳೆಯ ಲೆಕ್ಕದ ವಿಷಯದಲ್ಲಿ ಮಾತ್ರ ಕೊಡಗು ಶ್ರೀಮಂತ. ತೋಟದವರು ತಲೆಮಾರಿನಿಂದ ಇಂಚು, ಸೆಂಟಿನಲ್ಲಿ ಮಳೆ ಬರೆದಿಟ್ಟಿದ್ದಾರೆ; ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿ.ಮೀ. ಕಾಫಿ ಹೂ ಅರಳಿಸುವ ಹೂ ಮಳೆ ಯಾವತ್ತು ಬಿತ್ತು ಎಂಬುದು ಆ ಪುಸ್ತಕದಲ್ಲಿ ಸಿಗದೇ ಇರುವುದಿಲ್ಲ. ಎಚ್ಚರ ಇರಬೇಕಾದ್ದು ಗಾಜಿನ ಅಳತೆಯ ಲೋಟದ ಬಗ್ಗೆ; ಅದರ ಗೆರೆಗಳು ಮಾಪಕದ ಆಲಿಕೆಯ ಅಗಲಕ್ಕೆ ತಕ್ಕಂತೆ ಇರುತ್ತವೆ. 5 ಇಂಚಿನ ಆಲಿಕೆಯ ಮಾಪಕದ ಲೋಟ ಒಡೆದು, 8 ಇಂಚಿನದರ ಲೋಟ ತಂದಿಟ್ಟಿದ್ದರೆ, ಒಂದು ಇಂಚು ಮಳೆ 39 ಸೆಂಟ್ ಎಂದು ಬರೆದುಹೋಗಿರುತ್ತದೆ. ಒಂದು ವರ್ಷದಿಂದಾಚೆಗೆ ಮಳೆ ದಿಢೀರನೆ ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಹವಾಮಾನ ಬದಲಾವಣೆ ಎಂದು ಪ್ರಬಂಧ ಬರೆಯುವ ಮೊದಲು ಲೋಟ ನೋಡಿ.

ಈ ಪುಸ್ತಕಗಳ ಮಿತಿ ಎಂದರೆ ಬೆಳಿಗ್ಗೆಯಿಂದ ಬೆಳಿಗ್ಗೆಗೆ ಒಂದೇ ಅಂಕಿ. ಗುಡ್ಡದ ಊರಿನ ಚಿಕ್ಕ ಜಲಾನಯನಕ್ಕೆ ಬೇಕಾದ್ದು ಹತ್ತು ಹದಿನೈದು ನಿಮಿಷದ ಬಿರುಸು. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಟ್ಟದ ಮಳೆ ಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಎರಡನ್ನೂ ಸೇರಿಸಿ ಓದುವುದು ನಮ್ಮ ಸಂಶೋಧನೆಯ ದೊಡ್ಡ ಪಾಲು. ಇಂಥದ್ದನ್ನು ಸಂಶೋಧನಾ ಪತ್ರಿಕೆಗೆ ಕಳಿಸಿದರೆ "ಊರು ಬಹಳ ಚಿಕ್ಕದು" ಎಂದು ವಾಪಸ್ ಬರುತ್ತದೆ. ಮದುವೆ ಮಂಟಪದವರ ಪ್ರಶ್ನೆಯೇ, ಇಂಗ್ಲಿಷಿನಲ್ಲಿ.

ಇನ್ನು 2018ರ ಆಗಸ್ಟಿನ ಭೂಕುಸಿತ ನೆನಪಿಸಿ "ನಿಮ್ಮ ಸೆನ್ಸರ್ ಇದ್ದಿದ್ರೆ ಜೋಡುಪಾಲ, ಮಕ್ಕಂದೂರು ಉಳೀತಿತ್ತಾ?" ಎನ್ನುವವರಿಗೆ ನೇರ ಉತ್ತರ: ಹೊಳೆಯ ಮುನ್ಸೂಚನೆ ಬೇರೆ, ಬರೆ ಕುಸಿತದ್ದು ಬೇರೆ. ಭಾಗಮಂಡಲದಲ್ಲಿ ಏರಿದ ಕಾವೇರಿ ಕುಶಾಲನಗರದ ಬಡಾವಣೆಗೆ ಬರಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಫೋನ್ ಮಾಡಬಹುದು. ಮಳೆಯ ಅಂಕಿಯಿಂದ ಒಂದು ಪ್ರದೇಶದಲ್ಲಿ ಕುಸಿತದ ಅಪಾಯ ಹೆಚ್ಚಿದೆ ಎನ್ನಬಹುದು. ಇಂಥವರ ಮನೆ ಹಿಂದಿನ ಬರೆ ಇಷ್ಟು ಗಂಟೆಗೆ ಜಾರುತ್ತದೆ ಎಂದು ಯಾರಾದರೂ ಪೆಟ್ಟಿಗೆ ಮಾರಲು ಬಂದರೆ ಕಾಫಿ ಕೊಟ್ಟು ಕಳಿಸಿ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಯಾರೂ ಕೇಳದ ಕಾರಣ ನಾನೇ ಹಾಕಿಕೊಳ್ಳುತ್ತೇನೆ: ಪ್ರಾಜೆಕ್ಟ್ ಮುಗಿದ ಮೇಲೆ ಸೆನ್ಸರ್ ಪೆಟ್ಟಿಗೆಯಿಂದ ಅಂಕಿ ಕಳಿಸುವ ಸಿಮ್‌ಗೆ ರೀಚಾರ್ಜ್ ಮಾಡುವವರು ಯಾರು?

ಅನುದಾನ ಬರುವುದು ಸಾಮಾನ್ಯವಾಗಿ ಎರಡೋ ಮೂರೋ ವರ್ಷಕ್ಕೆ. ಉಪಕರಣ ಕೊಳ್ಳಲು ದುಡ್ಡಿರುತ್ತದೆ, ಏಣಿ ಹಿಡಿಯುವವನ ಕೂಲಿಗೆ ಇರುವುದಿಲ್ಲ. ಉದ್ಘಾಟನೆಯ ಫೋಟೋ ಜನವರಿಯದು, ಪೆಟ್ಟಿಗೆ ಸಾಯುವುದು ಜುಲೈಯಲ್ಲಿ. ಹೇಗೆ ಸಾಯುತ್ತದೆ ಎಂಬುದೇ ಒಂದು ಇಡೀ ಸೆಮಿಸ್ಟರಿನ ಪಾಠ. ಶಬ್ದ ಕಳಿಸಿ, ಪ್ರತಿಧ್ವನಿ ಬರುವ ಹೊತ್ತಿನಿಂದ ಮೋರಿಯ ನೀರಿನ ಮಟ್ಟ ಅಳೆಯುವ ಅಗ್ಗದ ಅಲ್ಟ್ರಾಸಾನಿಕ್ ಸೆನ್ಸರಿಗೆ ತನ್ನ ಮುಖದಿಂದ 20-25 ಸೆಂ.ಮೀ. ಒಳಗಿನದು ಕಾಣುವುದಿಲ್ಲ. ಅದನ್ನು ಹಳೆಯ ನೆರೆಯ ಗುರುತಿಗಿಂತ ಅರ್ಧ ಮೀಟರಾದರೂ ಮೇಲೆ ಕೂರಿಸದಿದ್ದರೆ, ನೀರು ಉಕ್ಕಿ ಬಂದ ಹೊತ್ತಿಗೇ ಸುಳ್ಳು ಹೇಳುತ್ತದೆ. ಶಬ್ದದ ವೇಗ ಉಷ್ಣಾಂಶದ ಜೊತೆ ಬದಲಾಗುವುದರಿಂದ 15 ಮತ್ತು 30 ಡಿಗ್ರಿಯ ನಡುವೆ 3 ಮೀಟರಿಗೆ 8 ಸೆಂ.ಮೀ. ವ್ಯತ್ಯಾಸ ಬರುತ್ತದೆ, ಪಕ್ಕದಲ್ಲೊಂದು ಉಷ್ಣಮಾಪಕ ಬೇಕೇ ಬೇಕು. ಜೇಡ ಅದರ ಮುಂದೆ ಬಲೆ ನೇಯ್ದರೆ ನೀರಿನ ಮಟ್ಟ ಅಲ್ಲಿಗೆ ಏರಿದಂತೆ. ಮಳೆ ಮಾಪಕದಲ್ಲಿ 0.2 ಮಿ.ಮೀ. ತುಂಬಿದೊಡನೆ ವಾಲುವ ಜೋಡಿ ಬಟ್ಟಲು ಇರುತ್ತದೆ. ಜಡಿಮಳೆಯಲ್ಲಿ ವಾಲುವ ಕ್ಷಣದ ನೀರು ಲೆಕ್ಕ ತಪ್ಪಿ ಅಂಕಿ ಕಡಿಮೆ ಬರುತ್ತದೆ, ಆಲಿಕೆಗೆ ಎಲೆ ಬಿದ್ದರೆ ಅಂಕಿಯೇ ಬರುವುದಿಲ್ಲ.

ಕರೆಂಟಿನದ್ದು ಇನ್ನೊಂದು. ಮಂಜು ಕವಿದ ಜುಲೈಯಲ್ಲಿ ಸೋಲಾರ್ ನಂಬುವಂತಿಲ್ಲ. ಸರಾಸರಿ 5 ಮಿಲಿಆ್ಯಂಪ್ ಎಳೆಯುವ ಸರ್ಕೀಟಿಗೆ ದಿನಕ್ಕೆ 120 ಮಿಲಿಆ್ಯಂಪ್-ಗಂಟೆ ಸಾಕು, ಎರಡು ಒಳ್ಳೆಯ ಲಿಥಿಯಂ ಸೆಲ್ಲಿನಲ್ಲಿ ತಿಂಗಳು ದೂಡಬಹುದು. ಬೋರ್ಡನ್ನು ನಿದ್ದೆಗೆ ಹಾಕದೆ ವೈಫೈ ಸಮೇತ ಎಚ್ಚರ ಇಟ್ಟರೆ 100 ಮಿಲಿಆ್ಯಂಪ್, ಎರಡೇ ದಿನಕ್ಕೆ ಸೆಲ್ ಖಾಲಿ. ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಅಂಕಿ ಕಳಿಸುವ ಲೋರಾ ರೇಡಿಯೋ 10 ಕಿ.ಮೀ. ಹೋಗುತ್ತದೆ ಎಂದು ಕಂಪನಿಯ ಹಾಳೆ ಹೇಳುವುದು ಬಯಲಿನ ಮಾತು; ಒದ್ದೆ ಎಲೆಯ ತೋಟದೊಳಗೆ ಒಂದು ಕಿ.ಮೀ. ಸಿಕ್ಕರೆ ಪುಣ್ಯ.

ಅದಕ್ಕೇ ನಮ್ಮ ಪ್ರಾಜೆಕ್ಟುಗಳಲ್ಲಿ ಪೆಟ್ಟಿಗೆ ಕಟ್ಟಿದ್ದಕ್ಕಿಂತ ಹಸ್ತಾಂತರಕ್ಕೆ ಹೆಚ್ಚು ಅಂಕ. ಒಂದೇ ಹಾಳೆ, ಕನ್ನಡದಲ್ಲಿ, ಲ್ಯಾಮಿನೇಟ್ ಮಾಡಿಸಿ ಪೆಟ್ಟಿಗೆಯ ಬಾಗಿಲಿನ ಒಳಗೆ ಅಂಟಿಸಬೇಕು: ಸಿಮ್ ನಂಬರು, ರೀಚಾರ್ಜ್ ತಾರೀಕು, ಸೆಲ್ಲಿನ ಅಳತೆ, ಯಾವ ಸ್ಕ್ರೂಗೆ ಯಾವ ಸ್ಪ್ಯಾನರ್. ಕೇಬಲ್ಲು ಪೆಟ್ಟಿಗೆಯ ತಳದಿಂದಲೇ ಒಳಗೆ ಹೋಗಬೇಕು, ಹೋಗುವ ಮುನ್ನ ಕೆಳಕ್ಕೆ ಬಾಗಿರಬೇಕು; ಇಲ್ಲವಾದರೆ ನೀರು ಅದರ ಗುಂಟ ನಡೆದು ಬರುತ್ತದೆ. ಮೋರಿಯ ಗೋಡೆಗೆ ಎನಾಮಲ್ ಪೇಂಟಿನಲ್ಲಿ ಹತ್ತು ಸೆಂ.ಮೀ.ಗೊಂದು ಗೆರೆ ಎಳೆದಿರಬೇಕು, ಸೆನ್ಸರ್ ಕೆಟ್ಟ ದಿನ ಪಕ್ಕದ ಅಂಗಡಿಯವರು ನೋಡಿ ಫೋನಿನಲ್ಲಿ ಹೇಳುವಂತೆ. ಇದೆಲ್ಲ ಮೇ ತಿಂಗಳ ಮೂರನೇ ವಾರದೊಳಗೆ. ಜೂನಿನಲ್ಲಿ ಪಾಚಿ ಹಿಡಿದ ಮೋರಿಗೆ ಏಣಿ ಹಾಕಿ ಹತ್ತು ಎಂದು ಯಾವ ವಿದ್ಯಾರ್ಥಿಗೂ ಹೇಳುವುದಿಲ್ಲ.