ಗಾಡಿ ಎಲ್ಲಾ ಒಂದೇ ನಮೂನಿ ಯಾಕ ಕಾಣ್ತಾವ?

ಕಲಬುರಗಿಯಲ್ಲಿ ನನ್ನದು ಕಾರಿನ ಬಿಡಿಭಾಗಗಳ ಅಂಗಡಿ. ಬಂಪರ್, ಹೆಡ್‌ಲೈಟ್, ಗ್ರಿಲ್ (ಮೂತಿಯ ಜಾಲರಿ), ಸೈಡ್ ಮಿರರ್, ಹೀಗೆ ಗುದ್ದಿಸಿಕೊಂಡು ಬಂದವರಿಗೆ ಬೇಕಾಗುವ ಸಾಮಾನು. ರೇಟಿನ ಜಗ್ಗಾಟ ಮುಗಿದ ಮೇಲೆ ಬಹಳ ಮಂದಿ ಕೇಳುವುದು ಇದನ್ನೇ: "ಅಣ್ಣಾ, ಈಗಿನ ಗಾಡಿ ಎಲ್ಲಾ ಒಂದೇ ನಮೂನಿ ಕಾಣ್ಲತ್ತಾವ. ಮತ್ತ ಎರಡು ವರ್ಷಕ್ಕೊಮ್ಮೆ ಮುಖ ಯಾಕ ಬದಲಿ ಮಾಡ್ತಾರ?"

ಎರಡು ವರ್ಷ ಅನ್ನುವುದು ಸಿಟ್ಟಿನ ಮಾತು, ಮೂರು-ನಾಲ್ಕು ಅನ್ನಿ. ಮೈಯೆಲ್ಲ ಒಂದೇ ಥರ ಆಗಿದ್ದಕ್ಕೇ ಮುಖದ ಮೇಲೆ ಇಷ್ಟು ಕಸರತ್ತು ನಡೆದಿದೆ.

ಮೈಯ ಅಳತೆ ಈಗ ಪೂರ್ತಿ ಕಂಪನಿಯ ಕೈಯಲ್ಲಿಲ್ಲ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿನೊಳಗಿನ, ಸಣ್ಣ ಎಂಜಿನ್ನಿನ ಕಾರುಗಳ ಎಕ್ಸೈಸ್ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಅಲ್ಲಿಂದ ಸಾಮಾನು ಇಡುವ ಹಿಂದಿನ ಡಿಕ್ಕಿಗೆ ಗ್ರಹಚಾರ ಶುರು. ಆ ನಾಲ್ಕು ಮೀಟರಿನೊಳಗೆ ಹಿಡಿಸಲು 2008ರಲ್ಲಿ ಟಾಟಾದ ಇಂಡಿಗೊ ಸಿಎಸ್, 2012ರಲ್ಲಿ ಮಾರುತಿಯ ಡಿಜೈರ್ ಬಾಲ ಕತ್ತರಿಸಿಕೊಂಡು ಬಂದವು. 2025ರ ಸೆಪ್ಟೆಂಬರಿನ ಜಿಎಸ್‌ಟಿಯಲ್ಲೂ ಪೆಟ್ರೋಲ್, ಡೀಸೆಲ್ ಕಾರಿಗೆ ಅದೇ ಗೆರೆ: ಒಳಗಿದ್ದರೆ ಶೇ. 18, ದಾಟಿದರೆ 40. ಇನ್ನು ಪಾದಚಾರಿಗೆ ಗುದ್ದಿದರೆ ಅವನ ತಲೆ ಎಂಜಿನ್ನಿಗೆ ಬಡಿಯಬಾರದೆಂದು ಬಾನೆಟ್ಟಿನ ಕೆಳಗೆ ಜಾಗ ಬಿಡಬೇಕು, ಹಾಗಾಗಿ ಮೂತಿ ಎತ್ತರವಾಯಿತು. ಹೆದ್ದಾರಿಯ ವೇಗದಲ್ಲಿ ಶಕ್ತಿಯ ದೊಡ್ಡ ಪಾಲು ಗಾಳಿ ಸೀಳುವುದಕ್ಕೇ ಹೋಗುತ್ತದೆ. ಗಾಳಿಗೆ ಟಾಟಾ, ಹ್ಯುಂಡೈ ಎಂಬ ಭೇದವಿಲ್ಲ, ಹಾಗಾಗಿ ಎಲ್ಲರ ಆಕಾರವೂ ಒಂದೇ ಕಡೆ ವಾಲುತ್ತದೆ.

ಹೀಗೆ ಎಲ್ಲ ಕಡೆ ಕೈ ಕಟ್ಟಿದ ಮೇಲೆ ಕಂಪನಿಗೆ 'ಇದು ನಮ್ಮದು' ಎಂದು ಹೇಳಿಕೊಳ್ಳಲು ಉಳಿಯುವುದು ಗ್ರಿಲ್ಲು, ಲೈಟು. ಖರ್ಚಿನ ಲೆಕ್ಕವೂ ಅದಕ್ಕೇ ಕೂಡಿಬರುತ್ತದೆ. ಬಾಗಿಲು, ಮೇಲ್ಛಾವಣಿಯ ತಗಡು ಒತ್ತುವ ಡೈ ಬದಲಿಸುವುದು ಬಲು ದುಬಾರಿ. ಪ್ಲಾಸ್ಟಿಕ್ ಬಂಪರಿನ ಅಚ್ಚು ಅದಕ್ಕಿಂತ ಅಗ್ಗ. ಟಾಟಾದ ನೆಕ್ಸಾನ್ 2017ರಲ್ಲಿ ಬಂತು, 2020ರಲ್ಲಿ ಒಂದು ಮುಖ, 2023ರಲ್ಲಿ ಇನ್ನೊಂದು. ನೆಕ್ಸಾನ್ ಹೆಡ್‌ಲೈಟ್ ಕೊಡ್ರಿ ಅಂದವರಿಗೆ ನಾನು ಮೊದಲು ಕೇಳುವುದು, "ಯಾವ ಮುಖದ್ದು?"

ಅಂಬಾಸಡರ್ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಅಂಬಾಸಡರಿಗೂ ಜೀಪಿಗೂ ಅದೇ ಏಳಿಂಚಿನ ಗುಂಡು ಲೈಟು. ಒಡೆದರೆ ಯಾವ ಊರಿನ ಮಿಸ್ತ್ರಿಯಾದರೂ ತಿರುಪು ಬಿಚ್ಚಿ ಹೊಸದು ಕೂಡಿಸುತ್ತಿದ್ದ. ಈಗ ಹೆಡ್‌ಲೈಟೇ ಕಂಪನಿಯ ಸಹಿ. ಹಗಲಲ್ಲೂ ಉರಿಯುವ ಡಿಆರ್‌ಎಲ್ ಗೆರೆ ನೋಡಿ ಹುಡುಗರು ದೂರದಿಂದಲೇ ಗಾಡಿಯ ಹೆಸರು ಹೇಳುತ್ತಾರೆ. ಆ ಗೆರೆಯೊಳಗಿನ ಒಂದು ಎಲ್‌ಇಡಿ ಹೋದರೆ ಬಹಳ ಗಾಡಿಗಳಲ್ಲಿ ಇಡೀ ಲೈಟನ್ನೇ ಬದಲಿಸಬೇಕು. ಕಂಪನಿಯ ಗುರುತಿನ ಖರ್ಚು ಕೊನೆಗೆ ಬೀಳುವುದು ಗಿರಾಕಿಯ ಜೇಬಿಗೆ. ಇದನ್ನು ಹೇಳಿದರೆ ನನ್ನ ವ್ಯಾಪಾರಕ್ಕೇ ಪೆಟ್ಟು, ಇರಲಿ.

ಹಾಗಂತ ಮುಖ ಬದಲಿಸುವುದೇ ತಪ್ಪು ಎಂದಲ್ಲ. ಬೀದರಿನ ಬಿದರಿ ಕೆಲಸ ನೋಡಿ: ಹೂಜಿ ಮಾಡಲಿ, ಬಳೆ ಮಾಡಲಿ, ಕಪ್ಪು ಮೈ ಮೇಲೆ ಬೆಳ್ಳಿ ಗೆರೆ ಇದ್ದರೆ ಸಾಕು, ಕಂಡವರು ಬಿದರಿ ಅಂತಾರೆ. ಕಾರಿನಲ್ಲೂ ಹಾಗೆ ಹಟ ಹಿಡಿದು ಉಳಿಸಿಕೊಂಡ ಒಂದು ಅಂಶ ಬೇಕು. ಬಿಎಂಡಬ್ಲ್ಯು ತನ್ನ ಜೋಡಿ ಗ್ರಿಲ್ಲನ್ನು 1933ರಿಂದ ಬಿಟ್ಟಿಲ್ಲ. ಈಚಿನ ಕೆಲವು ಮಾಡೆಲ್‌ಗಳಲ್ಲಿ ಅದನ್ನು ಅತಿಯಾಗಿ ಹಿಗ್ಗಿಸಿದ್ದಾರೆ, ನನಗಂತೂ ಹಿಡಿಸಿಲ್ಲ. ಆದರೂ ಗುರುತು ತಪ್ಪುವುದಿಲ್ಲ. ಕಿಯಾಗೆ ಹೇಳಿಕೊಳ್ಳುವಂಥ ಮುಖವೇ ಇರಲಿಲ್ಲ. ಮೊದಲು ಆಡಿಯಲ್ಲಿ ಕೆಲಸ ಮಾಡಿದ್ದ ವಿನ್ಯಾಸಕಾರ ಪೀಟರ್ ಶ್ರೇಯರ್ 2006ರಲ್ಲಿ ಬಂದು ಅದಕ್ಕೆ 'ಹುಲಿ ಮೂಗು' ಎಂಬ ಗ್ರಿಲ್ಲು ಕೊಟ್ಟ ಮೇಲೆ ಜನ ತಿರುಗಿ ನೋಡಿದರು. ಜೀಪಿನ ಏಳು ಸೀಳಿನ ಮುಖಕ್ಕಾಗಿ ಕೋರ್ಟು-ಕಚೇರಿಯೂ ಆಗಿದೆ. 1947ರಿಂದಲೇ ವಿಲ್ಲೀಸ್ ಜೀಪು ಜೋಡಿಸುತ್ತ ಬಂದ ಮಹೀಂದ್ರ, ಅಮೆರಿಕದಲ್ಲಿ ಜೀಪಿನಂಥದೇ ರಾಕ್ಸರ್ ಗಾಡಿ ಮಾರಲು ಹೋದಾಗ, ಆಗ ಜೀಪ್ ಬ್ರ್ಯಾಂಡಿನ ಒಡೆತನವಿದ್ದ ಫಿಯಟ್ ಕ್ರೈಸ್ಲರ್ 2018ರಲ್ಲಿ ದೂರು ಕೊಟ್ಟಿತು. ಕೊನೆಗೆ ರಾಕ್ಸರಿನ ಮುಖವನ್ನೇ ತಿದ್ದಬೇಕಾಯಿತು.

ತದ್ವಿರುದ್ಧ ದಾರಿ ಹಿಡಿದದ್ದು ಜಾಗ್ವಾರ್. 2008ರಿಂದ ಟಾಟಾ ಒಡೆತನದಲ್ಲಿರುವ ಆ ಕಂಪನಿ 2024ರ ನವೆಂಬರಿನಲ್ಲಿ ಹೊಸ ಅಕ್ಷರಗಳ ಲೋಗೊ ತಂದಿತು. ಜೊತೆಗೆ ಬಂದ ಜಾಹೀರಾತಿನಲ್ಲಿ ಕಾರೇ ಇರಲಿಲ್ಲ! ಹಳೆಯದನ್ನೆಲ್ಲ ಒಂದೇ ಏಟಿಗೆ ಒರೆಸಿದರೆ ಹಳೇ ಗಿರಾಕಿ ಯಾವುದನ್ನು ಹಿಡಿದು ಗುರುತಿಸಬೇಕು? ಅತ್ತ ಅಂಬಾಸಡರ್ ಉತ್ಪಾದನೆ ನಿಂತದ್ದು 2014ರಲ್ಲಿ. ಮೂರು ವರ್ಷದ ಮೇಲೆ ಫ್ರಾನ್ಸಿನ ಪೂಜೋ ಕಾರು ಕಂಪನಿ ಬರೀ ಆ ಹೆಸರಿಗೆ 80 ಕೋಟಿ ರೂಪಾಯಿ ಕೊಟ್ಟಿತು.

ಇಷ್ಟು ಕೇಳಿದ ಮೇಲೆ ಕೆಲವರದು ಮರುಪ್ರಶ್ನೆ: "ಹಂಗಾದ್ರ ನನ್ನ ಹಳೇ ಗಾಡಿಗೆ ಹೊಸ ಮುಖ ಕೂಡಿಸಿ ಕೊಡ್ತೀರೇನು?" ಕಿಟ್ ಸಿಗುತ್ತದೆ, ಕೂಡುತ್ತದೆ ಕೂಡ. ಆದರೆ ವೈರಿಂಗ್ ಸಾಕೆಟ್ ಹೊಂದದಿದ್ದರೆ ತಂತಿ ಕತ್ತರಿಸಬೇಕು, ಅಲ್ಲಿಗೆ ವಾರಂಟಿ ಮಾತು ಮರೆತುಬಿಡಿ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊರತಾಗಿ ಗಾಡಿ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ಅದರ ಬದಲು, ಹೊಸ ಗಾಡಿ ಬುಕ್ ಮಾಡುವ ಮುಂಚೆ ಶೋರೂಮಿನಲ್ಲಿ ಮೈಲೇಜಿನ ಜೊತೆ ಒಂದು ಹೆಡ್‌ಲೈಟಿನ ರೇಟನ್ನೂ ಕೇಳಿಕೊಂಡು ಬನ್ನಿ.