ಅಷ್ಟು ದೂರ ಹೋಗಿ ಕಾರು ತಂದದ್ದು ಎಂತಕ್ಕೆ?

ಕಾರು ಮನೆಗೆ ಬಂದು ವರ್ಷದ ಮೇಲಾಯಿತು. ಪ್ರಶ್ನೆ ಇನ್ನೂ ನಿಂತಿಲ್ಲ. "ಎಂತಕ್ಕೆ ಅಷ್ಟು ದೂರ ಹೋಗಿ ತಂದ್ರಿ? ಇಲ್ಲೇ ಸಿಗ್ತಿರಲಿಲ್ವಾ?" ಡೇರಿಯಲ್ಲಿ ಹಾಲು ಹಾಕುವಾಗ ಕೇಳುತ್ತಾರೆ. ಸೊಸೈಟಿಯಲ್ಲಿ ಅಡಿಕೆ ಮೂಟೆ ಇಳಿಸುವಾಗ ಕೇಳುತ್ತಾರೆ. ಹೋದ ವಾರ ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದರು. ಅವರು ಯಾರೆಂದೇ ನನಗೆ ಗೊತ್ತಿಲ್ಲ. ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಮ್ಮದು ಶಿರಸಿ ಕಡೆಯ ಹಳ್ಳಿ. ಕಾರು ತಂದದ್ದು ಬೆಂಗಳೂರಿನ ಒಂದು ಶೋರೂಂನಿಂದ. ಹೆಚ್ಚು ಕಡಿಮೆ 400 ಕಿಲೋಮೀಟರ್. 2024ರ ಡಿಸೆಂಬರ್ ಕೊನೆಯ ವಾರ.

ಪ್ರಶ್ನೆಗಿಂತ ಅದನ್ನು ಕೇಳುವ ರೀತಿ ಸಿಟ್ಟು ತರಿಸುತ್ತದೆ. ಮೊದಲ ಮಾತೇ "ಎಷ್ಟು ಉಳೀತು?" ಐವತ್ತು ಸಾವಿರ ಅಂದರೆ "ಅಷ್ಟಕ್ಕೆ ಬೆಂಗಳೂರಿಗೆ ಹೋಗ್ಬೇಕಿತ್ತಾ?" ಲಕ್ಷ ಅಂದರೆ "ಸಾಧ್ಯವೇ ಇಲ್ಲ, ಎಲ್ಲೋ ಟೋಪಿ ಹಾಕಿದ್ದಾರೆ ನೋಡಿ." ಉತ್ತರ ಅವರ ಹತ್ತಿರ ಮೊದಲೇ ತಯಾರಿರುತ್ತದೆ. ಇನ್ನು ಕೆಲವರು ನಾನು ಪಕ್ಕದಲ್ಲೇ ನಿಂತಿದ್ದರೂ ಯಜಮಾನರನ್ನು ಕೇಳುತ್ತಾರೆ. ಫೋನು ಮಾಡಿದ್ದು, ಚೌಕಾಸಿ ಮಾಡಿದ್ದು, ದುಡ್ಡು ಕಳಿಸಿದ್ದು ಎಲ್ಲ ನಾನು. ಅವರು ಬಂದದ್ದು ಗಾಡಿ ಓಡಿಸಿಕೊಂಡು ಬರಲು.

ಹೋದ ಬೇಸಿಗೆಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಕೂತಿದ್ದೆ. ಹೋಳಿಗೆ ಬಡಿಸುತ್ತಿದ್ದರು. ನಾಲ್ಕು ಎಲೆ ಆಚೆಯಿಂದ ದೊಡ್ಡವರೊಬ್ಬರು ಎಲ್ಲರಿಗೂ ಕೇಳುವ ಹಾಗೆ, "ತಂಗೀ, ಊರಿನವರಿಗೆ ವ್ಯಾಪಾರ ಕೊಡ್ಬಾರದು ಅಂತ ಏನಾದ್ರೂ ಇದ್ಯಾ?" ಅಂದರು. ಕೆಲವರು ನಕ್ಕರು. ನನ್ನ ಎದುರಿಗೆ ಕೂತಿದ್ದವರು ನಮ್ಮ ಪೇಟೆಯ ಶೋರೂಂನಲ್ಲಿ ಕೆಲಸ ಮಾಡುವ ಹುಡುಗನ ಅಮ್ಮ. ನನ್ನ ಅಪ್ಪನಿಗೆ ಬೇಕಾದ ಮನೆಯವರು. ಅವರು ತಲೆ ಎತ್ತಲಿಲ್ಲ, ಅನ್ನ ಕಲಸುತ್ತಲೇ ಇದ್ದರು. ನಾನು "ಹೀಗೇ ಸುಮ್ನೆ" ಅಂದೆ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಸುಮ್ನೆ ಅಲ್ಲವೇ ಅಲ್ಲ. ಆ ಹುಡುಗನ ಅಮ್ಮನ ಮುಂದೆ ಅದನ್ನೆಲ್ಲ ಹೇಳುವುದು ಹೇಗೆ?

ಮೊದಲಿಂದ ಹೇಳುತ್ತೇನೆ.

ನಮ್ಮ ಅತ್ತೆಯವರಿಗೆ ಮಂಡಿನೋವು. ತಗ್ಗಿನ ಸೀಟಿನಿಂದ ಏಳಲು ಆಗುವುದಿಲ್ಲ. ಹಾಗಾಗಿ ಸ್ವಲ್ಪ ಎತ್ತರದ, ಉದ್ದ ನಾಲ್ಕು ಮೀಟರ್ ಒಳಗಿನ ಪೆಟ್ರೋಲ್ ಗಾಡಿ ನೋಡಿದೆವು. ಪೇಟೆಯ ಶೋರೂಂಗೆ ಅವರನ್ನೂ ಕರೆದುಕೊಂಡು ಹೋಗಿದ್ದೆವು. ಹೌದು, ಇಲ್ಲೇ ಕೂತು ನೋಡಿದ್ದು, ಇಲ್ಲೇ ಟೆಸ್ಟ್ ಡ್ರೈವ್ ಮಾಡಿದ್ದು, ಚಹಾ ಕುಡಿದದ್ದೂ ಇಲ್ಲೇ. "ಇಲ್ಲಿ ನೋಡಿ ಅಲ್ಲಿ ತಗೊಂಡ್ರು" ಅಂತ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಇಲ್ಲೇ ತಗೊಳ್ಳಬೇಕು ಅಂತಲೇ ನಾವು ಹೋಗಿದ್ದು.

ಎಷ್ಟಾಗುತ್ತೆ ಅಂತ ಕೇಳಿದೆ. ಹುಡುಗ ತನ್ನ ವಿಸಿಟಿಂಗ್ ಕಾರ್ಡ್ ತೆಗೆದು, ಹಿಂದೆ ಪೆನ್ನಿನಲ್ಲಿ 12.90 ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದ. "ಎಲ್ಲಾ ಸೇರಿ ಅಕ್ಕಾ. ಡ್ಯುಯಲ್ ಟೋನ್, ಎರಡು ಬಣ್ಣದ್ದು ತಗೊಳಿ, ಚಂದ ಕಾಣ್ತದೆ. ಬರೀ ಹದಿನೈದು ಸಾವಿರ ಜಾಸ್ತಿ. ಹತ್ತು ಸಾವಿರ ನಾನು ಕಡಿಮೆ ಮಾಡಿಸಿ ಕೊಡ್ತೇನೆ." ಎಲ್ಲಾ ಅಂದರೆ ಏನೇನು, ಬಿಡಿಸಿ ಬರೆದುಕೊಡು ಅಂದೆ. "ಅಕ್ಕಾ, ನಮ್ಮ ಮೇಲೆ ನಂಬಿಕೆ ಇಲ್ವಾ?"

ಆ ಒಂದು ಮಾತಿಗೆ ನಾನು ಸುಮ್ಮನಾದೆ. ಪರಿಚಯದವರ ಹತ್ತಿರ ಏನು ಮಾತಾಡುವುದು? ಅಪ್ಪನ ಮುಖ ನೆನಪಾಗುತ್ತದೆ, ನಾಳೆ ದೇವಸ್ಥಾನದಲ್ಲಿ ಅವನ ಅಮ್ಮ ಸಿಗುತ್ತಾರೆ. ದಾಕ್ಷಿಣ್ಯ. ತರಕಾರಿಗೆ ಐದು ರೂಪಾಯಿ ಚೌಕಾಸಿ ಮಾಡುವ ನಾವು ಹದಿಮೂರು ಲಕ್ಷದ ಹತ್ತಿರದ ವ್ಯಾಪಾರದಲ್ಲಿ ಲೆಕ್ಕ ಕೇಳಲು ಹಿಂಜರಿಯುತ್ತೇವೆ. ಆಮೇಲೂ ಎರಡು ಸಲ ಫೋನಿನಲ್ಲಿ ಕೊಟೇಶನ್ ಕೇಳಿದೆ. "ಕಳಿಸ್ತೇನೆ ಅಕ್ಕಾ" ಅಂದ. ಬರಲಿಲ್ಲ.

ಒಂದು ರಾತ್ರಿ ಕೂತು ಒಂದು ಮೆಸೇಜ್ ಬರೆದೆ. ಮಾಡೆಲ್ ಇದು, ಪಿನ್‌ಕೋಡ್ ಇದು, ನೋಂದಣಿ ಶಿರಸಿಯಲ್ಲಿ, ಸಾಲ ಇಲ್ಲ. ಎಕ್ಸ್ ಶೋರೂಂ (ರಸ್ತೆ ತೆರಿಗೆ, ವಿಮೆ ಸೇರದ ಗಾಡಿ ಬೆಲೆ), ತೆರಿಗೆ, ಇನ್ಶೂರೆನ್ಸ್, ಹ್ಯಾಂಡ್ಲಿಂಗ್, ಆಕ್ಸೆಸರಿ, ಡಿಸ್ಕೌಂಟ್ ಎಲ್ಲ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಡಿ. ಗಾಡಿ ತಯಾರಾದ ತಿಂಗಳು ಹೇಳಿ. ಇದನ್ನೇ ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು, ಬೆಂಗಳೂರು ಸೇರಿ ಏಳು ಶೋರೂಂಗೆ ಕಳಿಸಿದೆ. ಇಬ್ಬರು "ಶೋರೂಂಗೆ ಬನ್ನಿ, ಮಾತಾಡೋಣ" ಅಂದರು. ಅವರನ್ನು ಅಲ್ಲಿಗೇ ಬಿಟ್ಟೆ. ಮೂವರು ಕೊಟೇಶನ್ ಕಳಿಸಿದರು. ಉಳಿದವರು ಉತ್ತರ ಕೊಡಲಿಲ್ಲ.

ಬೆಂಗಳೂರಿನ ಒಂದು ಶೋರೂಂನಿಂದ ಒಬ್ಬ ಹುಡುಗಿ ಫೋನು ಮಾಡಿದಳು. "ಮೇಡಂ, ನೀವು ಡ್ಯುಯಲ್ ಟೋನ್ ಕೇಳಿದ್ದೀರಿ. ಬಣ್ಣ ಅಷ್ಟೊಂದು ಮುಖ್ಯವಾ?" ಇಲ್ಲ, ಯಾಕೆ ಅಂದೆ. "ಅದನ್ನ ತಗೊಂಡ್ರೆ ಎಕ್ಸ್ ಶೋರೂಂ ಹತ್ತು ಲಕ್ಷ ದಾಟತ್ತೆ. ಟ್ಯಾಕ್ಸ್ ಸ್ಲ್ಯಾಬ್ ಬದಲಾಗತ್ತೆ ಮೇಡಂ. ಒಂದ್ಸಲ ಲೆಕ್ಕ ಹಾಕಿ ನೋಡಿ."

ಹಾಕಿ ನೋಡಿದೆ. ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಹಾಕಿದ ಆ ಲೆಕ್ಕ ಇನ್ನೂ ಇದೆ. ಒಂದೇ ಬಣ್ಣದ ಗಾಡಿ 9.92 ಲಕ್ಷ. ಎರಡು ಬಣ್ಣದ್ದು 10.07 ಲಕ್ಷ. ಕರ್ನಾಟಕದಲ್ಲಿ ಇಂಥ ಕಾರಿಗೆ ಐದರಿಂದ ಹತ್ತು ಲಕ್ಷದವರೆಗೆ ಜೀವಾವಧಿ ತೆರಿಗೆ 14%. ಹತ್ತು ದಾಟಿದರೆ, ಇಪ್ಪತ್ತು ಲಕ್ಷದವರೆಗೆ 17%. ಆ ತೆರಿಗೆಯ ಮೇಲೆ 11% ಸೆಸ್. ಮೊದಲ ಗಾಡಿಗೆ 1,54,157 ರೂಪಾಯಿ. ಎರಡನೆಯದಕ್ಕೆ 1,90,021. ಮಾಡಿನ ಮೇಲೆ ಕಪ್ಪು ಬಣ್ಣ ಬೇಕೆಂದರೆ ಕಂಪನಿಗೆ 15 ಸಾವಿರ, ಸರ್ಕಾರಕ್ಕೆ 35,864. ಒಟ್ಟು ಐವತ್ತು ಸಾವಿರದ ಮೇಲೆ! ಇದರ ಜೊತೆಗೆ ಹತ್ತು ಲಕ್ಷ ಮೀರಿದ ಗಾಡಿಗೆ 1% ಟಿಸಿಎಸ್ (ಮಾರುವವರೇ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಅಂತ ಇನ್ನೊಂದು ಹತ್ತು ಸಾವಿರ. ಅದು ಆದಾಯ ತೆರಿಗೆ ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಸಿಗುತ್ತದೆ, ಆದರೆ ಕೈಯಿಂದ ಮೊದಲು ಹೋಗುತ್ತದೆ.

ನನ್ನ ಮುಖ ನೋಡದ, ನನ್ನ ಅಪ್ಪ ಯಾರೆಂದು ಗೊತ್ತಿಲ್ಲದ ಹುಡುಗಿ ಅದನ್ನು ಹೇಳಿದಳು. ಕಡಿಮೆ ಬೆಲೆಯ ಗಾಡಿ ತಗೊಳ್ಳಿ ಅಂತ ಹೇಳಿದಳು. ನಾನು ಬೆಂಗಳೂರಿಗೆ ಹೋದದ್ದು ಆ ಫೋನಿಗೆ. ಮದುವೆಮನೆಯಲ್ಲಿ ಹೇಳಲಾಗದ ಉತ್ತರ ಇದು.

"ಎಷ್ಟು ಉಳೀತು" ಅನ್ನುವವರಿಗೆ ಅದನ್ನೂ ಬರೆದುಬಿಡುತ್ತೇನೆ. ಎಕ್ಸ್ ಶೋರೂಂ ಬೆಲೆ ರಾಜ್ಯದೊಳಗೆ ನಾನು ಕೇಳಿದ ಕಡೆಯೆಲ್ಲ ಒಂದೇ ಇತ್ತು. ತೆರಿಗೆಯಂತೂ ಎಲ್ಲಿ ಕೊಂಡರೂ ಅಷ್ಟೇ. ಅಂದರೆ ಆ ದೊಡ್ಡ ಮೊತ್ತದಲ್ಲಿ ಸುಮಾರು ಹನ್ನೊಂದೂವರೆ ಲಕ್ಷದ ಬಗ್ಗೆ ಮಾತಾಡುವಂಥದ್ದೇ ಇಲ್ಲ. ಚೌಕಾಸಿ ಇರುವುದೆಲ್ಲ ಉಳಿದದ್ದರಲ್ಲಿ. ಬೆಂಗಳೂರಿನಿಂದ ಬಂದ ಕೊಟೇಶನ್ನಿನಲ್ಲಿ ಇನ್ಶೂರೆನ್ಸ್‌ಗೆ 49 ಸಾವಿರ ಹಿಡಿದಿದ್ದರು. ಅದೇ ಕವರ್‌ಗೆ ನಾನು ಹೊರಗೆ ಕೇಳಿದಾಗ 35 ಸಾವಿರ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ) ಕಡ್ಡಾಯ, ಅದು ಸರಿ. ಆದರೆ ಶೋರೂಂನವರ ಹತ್ತಿರವೇ ಮಾಡಿಸಬೇಕು ಅಂತ ಎಲ್ಲೂ ಇಲ್ಲ. ಗಾಡಿ ತರಿಸಿ ಸಜ್ಜು ಮಾಡಿದ್ದಕ್ಕೆ ಹ್ಯಾಂಡ್ಲಿಂಗ್ ಚಾರ್ಜ್ ಅಂತ 8 ಸಾವಿರ ಇತ್ತು. ನಾನು ಕೇಳದ ಸೀಟ್ ಕವರ್, ಮ್ಯಾಟ್, ಕ್ರೋಮ್ ಪಟ್ಟಿಗೆ 22 ಸಾವಿರ. ಬೆಂಗಳೂರಿನಲ್ಲಿ ಇವೆರಡನ್ನೂ ತೆಗೆಯಿರಿ ಅಂದೆ, ತೆಗೆದರು. ವರ್ಷದ ಕೊನೆ ಆದ್ದರಿಂದ 30 ಸಾವಿರ ಡಿಸ್ಕೌಂಟ್. ಜನವರಿ ಬಂದರೆ ಆ ಗಾಡಿ ಹೋದ ವರ್ಷದ್ದು ಅನ್ನಿಸಿಕೊಳ್ಳುತ್ತದೆ, ಅದಕ್ಕೇ ಡಿಸೆಂಬರ್‌ನಲ್ಲಿ ಅವರಿಗೆ ಅವಸರ. ಹೋಗಿಬರುವ ಖರ್ಚು, ಟೋಲು, ಪೆಟ್ರೋಲು ಸೇರಿ ಎಂಟು ಸಾವಿರ ಆಯಿತು. ಕೂಡಿ ಕಳೆಯುವುದು ನಿಮಗೇ ಬಿಟ್ಟೆ.

ದೂರದಿಂದ ಕೊಳ್ಳುವವರಿಗೆ ನಾನು ಗಟ್ಟಿಯಾಗಿ ಹೇಳುವ ಮಾತು, ಚಾಸಿಸ್ ನಂಬರ್ (ನಿಮ್ಮ ಗಾಡಿಯದೇ ಗುರುತಿನ ನಂಬರ್) ಬರುವವರೆಗೆ ದೊಡ್ಡ ದುಡ್ಡು ಕಳಿಸಬೇಡಿ. ಬುಕಿಂಗ್‌ಗೆ ಹತ್ತು ಸಾವಿರ ಕೊಟ್ಟೆ, ಅದೂ ಶೋರೂಂ ಖಾತೆಗೆ. ಸೇಲ್ಸ್‌ನವರ ಸ್ವಂತ ನಂಬರಿಗೆ ಒಂದು ರೂಪಾಯಿಯನ್ನೂ ಹಾಕಲಿಲ್ಲ. ನಮ್ಮ ಭಾವ ಅಡಿಕೆ ಮಾರಿದ ದುಡ್ಡು ಹಾಗೇ ಚೀಲದಲ್ಲಿ ಕೊಂಡುಹೋಗೋಣ ಅಂದಿದ್ದರು. ಆಗುವುದಿಲ್ಲ. 2017ರ ಏಪ್ರಿಲ್‌ನಿಂದ ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವ ಹಾಗಿಲ್ಲ. ಎಲ್ಲ ಆರ್‌ಟಿಜಿಎಸ್ ಮಾಡಿದ್ದು.

ರಾತ್ರಿ ಬಸ್ಸಿಗೆ ಹೋದೆವು. ಬೆಳಿಗ್ಗೆ ಒಂಬತ್ತೂವರೆಗೆ ಗಾಡಿಯನ್ನು ಶೆಡ್ಡಿನಿಂದ ಹೊರಗೆ, ಬಿಸಿಲಿಗೆ ತರಿಸಿದೆ. ಟೈರಿನ ಪಕ್ಕ ಮಂಡಿಯೂರಿ ಕೂತೆ. ಟೈರಿನ ಬದಿಯಲ್ಲಿ ಪುಟ್ಟ ಚೌಕಟ್ಟಿನೊಳಗೆ ಟೈರು ಯಾವಾಗ ತಯಾರಾಯಿತು ಅಂತ ಹೇಳುವ ನಾಲ್ಕು ಅಂಕಿ ಇರುತ್ತವೆ, ಮೊದಲಿನ ಎರಡು ಅಂಕಿ ವಾರದ್ದು, ಕೊನೆಯ ಎರಡು ಅಂಕಿ ವರ್ಷದ್ದು. 4124 ಅಂತ ಇತ್ತು. 2024ರ ನಲವತ್ತೊಂದನೇ ವಾರ. ಸ್ಟೆಪ್ನಿಯದೂ ನೋಡಿದೆ. ಚಾಸಿಸ್ ನಂಬರಿನ ಹದಿನೇಳು ಅಕ್ಷರವನ್ನೂ ಇನ್‌ವಾಯ್ಸಿನ ಜೊತೆ ಬೆರಳಿಟ್ಟು ಓದಿದೆ. ಆ ಹುಡುಗಿ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಮೊಬೈಲ್ ಟಾರ್ಚ್ ಹಿಡಿದಳು. ಎರಡು ಕೀಲಿ, ಸೇಲ್ ಸರ್ಟಿಫಿಕೇಟು, ಫಾರ್ಮ್ 22 (ಗಾಡಿ ರಸ್ತೆಗೆ ಯೋಗ್ಯ ಅಂತ ಕಂಪನಿ ಕೊಡುವ ಪತ್ರ), ವಿಮೆ, ತಾತ್ಕಾಲಿಕ ನೋಂದಣಿ, ಒಂದೊಂದೇ ಎಣಿಸಿಕೊಂಡೆ. ಮನೆಗೆ ಯಾವಾಗ ಮುಟ್ಟುತ್ತೀರಿ ಅಂತ ಕೇಳಿದಳು. ಚಿತ್ರದುರ್ಗ, ದಾವಣಗೆರೆ, ಹಾವೇರಿ ಮೇಲೆ ಬಂದು ಶಿರಸಿ ಮುಟ್ಟುವಾಗ ರಾತ್ರಿಯಾಗಿತ್ತು. ಮುಟ್ಟಿದೆವು ಅಂತ ಮೆಸೇಜ್ ಹಾಕಿದೆ. ನೋಂದಣಿ ನಮ್ಮ ಆರ್‌ಟಿಒದಲ್ಲೇ, ಕೆಎ 31. ಸರ್ವಿಸ್‌ಗೆ ಬೆಂಗಳೂರಿಗೇ ಹೋಗ್ತೀರಾ ಅಂತ ಕೇಳುವವರಿಗೆ: ಇಲ್ಲ, ನಮ್ಮ ಪೇಟೆಯಲ್ಲೇ. ವಾರಂಟಿ ಕೊಡುವುದು ಕಂಪನಿ.

ಇಷ್ಟು ಜನ ಇಷ್ಟು ದಿನ ಕೇಳಿದರಲ್ಲ, ಒಬ್ಬರೂ "ಆ ಕೊಟೇಶನ್ ಒಮ್ಮೆ ತೋರಿಸು" ಅನ್ನಲಿಲ್ಲ. ನನಗೆ ಬೇಕಾಗಿದ್ದ ಪ್ರಶ್ನೆ ಅದು. ಹನ್ನೊಂದು ಸಾಲಿನ ಒಂದು ಹಾಳೆ. ಯಾವ ಸಾಲಿಗೆ ಎಷ್ಟು, ಯಾವುದನ್ನು ಯಾಕೆ ತೆಗೆಸಿದೆ ಅಂತ ಕೂತು ಹೇಳಿಕೊಡಲು ನಾನು ಯಾವತ್ತೂ ತಯಾರಿದ್ದೆ. ಊರಿನಲ್ಲಿ ಆಮೇಲೆ ನಾಲ್ಕು ಮನೆಗೆ ಕಾರು ಬಂತು. ನಾಲ್ಕು ಮನೆಯವರೂ ನನ್ನ ಹತ್ತಿರ ಕೇಳಿದ್ದು ಎಷ್ಟು ಉಳೀತು ಅಂತಲೇ. ಅದರಲ್ಲಿ ಒಂದು ಎರಡು ಬಣ್ಣದ್ದು.

ಕೇಳಿದವನು ಒಬ್ಬನೇ. ಮೊದಲ ಫ್ರೀ ಸರ್ವಿಸ್‌ಗೆ ಗಾಡಿ ಬಿಟ್ಟಾಗ ಪೇಟೆಯ ಶೋರೂಂನ ಅದೇ ಹುಡುಗ ಎದುರಾದ. ಮುಖ ತಿರುಗಿಸಿಕೊಂಡು ಹೋಗುತ್ತಾನೆ ಅಂದುಕೊಂಡಿದ್ದೆ. ಹತ್ತಿರ ಬಂದ. "ಅಕ್ಕಾ, ಬೇಜಾರಿಲ್ಲ. ಅಲ್ಲಿಯವರು ಕೊಟ್ಟ ಕೊಟೇಶನ್ ಇದ್ರೆ ಒಂದ್ಸಲ ತೋರಿಸ್ತೀರಾ?"

ಮೊಬೈಲಿನಲ್ಲಿ ತೆಗೆದು ಕೊಟ್ಟೆ. ನಿಂತಲ್ಲೇ ಪೂರ್ತಿ ಓದಿದ. ತೆರಿಗೆಯ ಸಾಲಿಗೆ ಬಂದಾಗ ಬಣ್ಣದ ವಿಷಯ ಹೇಳಿದೆ. ಅವನ ಬೆರಳು ಅಲ್ಲೇ ನಿಂತಿತು. "ಇದನ್ನ ನಮಗೆ ಯಾರೂ ಹೇಳಿಕೊಟ್ಟಿಲ್ಲ ಅಕ್ಕಾ. ಕಂಪ್ಯೂಟರಿನಲ್ಲಿ ಕೊನೆಗೆ ಬರೋ ಮೊತ್ತ ನೋಡಿ ಹೇಳಿ ಅಂತಾರೆ ಅಷ್ಟೇ."

ಅವನು ಗೊತ್ತಿದ್ದೂ ಮುಚ್ಚಿಟ್ಟ ಅಂತ ಅಷ್ಟು ತಿಂಗಳು ನಂಬಿದ್ದೆ. ಮನಸ್ಸಿಗೆ ಕಷ್ಟವಾಯಿತು. ಅವನ ಜೇಬಿನಲ್ಲಿ ಅದೇ ವಿಸಿಟಿಂಗ್ ಕಾರ್ಡುಗಳ ಕಟ್ಟು ಇತ್ತು. ಒಂದನ್ನು ತೆಗೆದು, ಹಿಂದುಗಡೆ 14, 17, 11 ಅಂತ ಬರೆದುಕೊಂಡ. "ಹತ್ತು ಲಕ್ಷಕ್ಕೆ ಒಂದು ರೂಪಾಯಿ ಜಾಸ್ತಿ ಆದ್ರೂ ಹದಿನೇಳಾ ಅಕ್ಕಾ?" ಅಂತ ಕೇಳಿದ. ಹೌದು ಅಂದೆ. ಸರ್ವಿಸ್ ಮುಗಿಯಲು ಇನ್ನೂ ಒಂದು ಗಂಟೆ ಇತ್ತು. ಇಬ್ಬರೂ ಕಾಯುವ ಬೆಂಚಿನ ಮೇಲೆ ಕೂತು ಹನ್ನೊಂದು ಸಾಲನ್ನೂ ಮೇಲಿನಿಂದ ಓದಿದೆವು.